ಬಾನುಲಿಯ ಭಾಷಣವೂ ಸಂವಾದವೂ: ಶೋಳಿಂಗನಲ್ಲೂರಿನ ಕೇಳುಗನ ದೃಷ್ಟಿಯಿಂದ

ಕನ್ನಡ ಗದ್ಯದ ಬೆಳವಣಿಗೆಯನ್ನು ವಿವೇಚಿಸುವವರು ಪತ್ರಿಕೆ, ಕಾದಂಬರಿ, ಪಠ್ಯಪುಸ್ತಕಗಳ ಪ್ರಭಾವವನ್ನು ಸಹಜವಾಗಿಯೇ ಎತ್ತಿ ಹೇಳುತ್ತಾರೆ. ಬಾನುಲಿಯ ಮಾತು ಬಂದಾಗ ಸಾಮಾನ್ಯವಾಗಿ ನಾಟಕ, ಗೀತರೂಪಕ, ಭಾಷಣಗಳು ನೆನಪಾಗುತ್ತವೆ. ಇಬ್ಬರೋ ಮೂವರೋ ಎದುರುಬದುರಾಗಿ ಕುಳಿತು ಒಂದು ವಿಚಾರವನ್ನು ಬುಡದವರೆಗೂ ಅಗೆದು ನೋಡುವ ಸಂವಾದವು ನೆನಪಿಗೆ ಬರುವುದು ಅಪರೂಪ. ಇದು ನೆನಪಿನ ದೋಷವಲ್ಲ. ಕನ್ನಡ ಬಾನುಲಿಯು ಭಾಷಣವನ್ನು ಒಂದು ಕಲೆಯ ಮಟ್ಟಕ್ಕೆ ಏರಿಸಿತು. ಸಂವಾದವನ್ನು ಮಾತ್ರ ಬಾಲ್ಯದಲ್ಲಿಯೇ ನಿಲ್ಲಿಸಿತು.

ಈ ಕೊರತೆಯು ಕರ್ನಾಟಕದ ಒಳಗಿರುವವರಿಗೆ ಅಷ್ಟಾಗಿ ತಟ್ಟದು. ಅಲ್ಲಿ ಮಾತಿಗೆ ಬೇರೆ ಕಟ್ಟೆಗಳಿವೆ. ಚೆನ್ನೈ ನಗರದ ದಕ್ಷಿಣದ ಅಂಚಿನಲ್ಲಿ, ಮಹಾಬಲಿಪುರದ ಹಳೆಯ ರಸ್ತೆಯ ಮೇಲಿರುವ ಶೋಳಿಂಗನಲ್ಲೂರಿನಂತಹ ಊರಿನಲ್ಲಿ ನೆಲೆಸಿದ ಕನ್ನಡಿಗನಿಗೆ ಅದು ದಿನದಿನವೂ ತಟ್ಟುವಂಥದು. 2011ರಲ್ಲಿ ಮಹಾನಗರಪಾಲಿಕೆಗೆ ಸೇರಿದ ಈ ಹಳೆಯ ಗ್ರಾಮದಲ್ಲಿ ಇಂದು ಗಣಕಯಂತ್ರದ ಕಚೇರಿಗಳು ಸಾಲುಗಟ್ಟಿ ನಿಂತಿವೆ. ಅವುಗಳಲ್ಲಿ ದುಡಿಯುವವರೊಡನೆ ಕನ್ನಡವೂ ಬಂದು ಸೇರಿದೆ. ಹಿಂದೆ ರಾತ್ರಿಯ ವೇಳೆ ಬೆಂಗಳೂರಿನ 612 ಕಿಲೋಹರ್ಟ್ಸ್ ಮಧ್ಯಮ ತರಂಗವನ್ನು ಗೊರಗೊರ ಸದ್ದಿನ ನಡುವೆ ಹುಡುಕಬೇಕಾಗಿದ್ದ ಕೇಳುಗನು ಈಗ ಕೈಫೋನಿನಲ್ಲಿ ಬೆಂಗಳೂರು ಧಾರವಾಡಗಳ ನಿಲಯಗಳನ್ನು ನಿಚ್ಚಳವಾಗಿ ಕೇಳಬಲ್ಲನು. ದನಿ ಹತ್ತಿರ ಬಂದಿದೆ. ಆದರೆ ಆ ದನಿಯು ಅವನ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ. ಪ್ರಶ್ನೆಯನ್ನು ಕೇಳಿಸಿಕೊಂಡೇ ಇಲ್ಲ.

ಇದರ ಮೂಲವನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ದಕ್ಷಿಣದಲ್ಲಿ ಬಾನುಲಿ ಹುಟ್ಟಿದ್ದು ಸರಕಾರದ ಆಜ್ಞೆಯಿಂದಲ್ಲ, ಹವ್ಯಾಸಿಗಳ ಉತ್ಸಾಹದಿಂದ. 1924ರಲ್ಲಿ ಮದರಾಸಿನಲ್ಲಿ ಪ್ರಾರಂಭವಾದ ಪ್ರೆಸಿಡೆನ್ಸಿ ರೇಡಿಯೋ ಕ್ಲಬ್ಬು ಹಣವಿಲ್ಲದೆ 1927ರಲ್ಲಿ ಮುಚ್ಚಿತು. ಅದರ ಯಂತ್ರವನ್ನು ಪಡೆದ ನಗರಸಭೆಯು 1930ರಿಂದ ತಾನೇ ಪ್ರಸಾರ ನಡೆಸಿತು. 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವಾಟ್ ಶಕ್ತಿಯ ಪ್ರೇಷಕವನ್ನು ಸ್ಥಾಪಿಸಿದರು. ಇಡೀ ದೇಶದ ಬಾನುಲಿಗೆ ಮುಂದೆ ಹೆಸರಾದ ‘ಆಕಾಶವಾಣಿ’ ಎಂಬ ಮಾತು ಬಳಕೆಗೆ ಬಂದದ್ದು ಅಲ್ಲಿ. ಹೆಸರು ಎಷ್ಟೇ ಸುಂದರವಾಗಿದ್ದರೂ ಅದರಲ್ಲಿ ಒಂದು ಸೂಚನೆ ಅಡಗಿದೆ. ಪುರಾಣಗಳಲ್ಲಿ ಆಕಾಶವಾಣಿಯು ನುಡಿಯುತ್ತದೆ, ಮರುಪ್ರಶ್ನೆಗೆ ಅವಕಾಶ ಕೊಡುವುದಿಲ್ಲ. ಕಂಸನಿಗೂ ಅದು ಕೊಟ್ಟಿರಲಿಲ್ಲ.

ಧಾರವಾಡ ನಿಲಯವು 1950ರಲ್ಲಿಯೂ ಬೆಂಗಳೂರು ನಿಲಯವು 1955ರಲ್ಲಿಯೂ ತೊಡಗಿದ ಮೇಲೆ ಕನ್ನಡದ ದೊಡ್ಡ ಲೇಖಕರೆಲ್ಲ ಧ್ವನಿವರ್ಧಕದ ಮುಂದೆ ಬಂದರು. ಮೈಸೂರಿನಲ್ಲಿ ನಾ. ಕಸ್ತೂರಿಯವರಂತಹ ವಿನೋದಶೀಲರೂ ಧಾರವಾಡದಲ್ಲಿ ಸಲಹೆಗಾರರಾಗಿ ಬೇಂದ್ರೆಯವರೂ ಈ ಮಾಧ್ಯಮದೊಡನೆ ಸಂಬಂಧವಿಟ್ಟುಕೊಂಡಿದ್ದುದು ಸಾಮಾನ್ಯ ಭಾಗ್ಯವಲ್ಲ. ಭಾಷಣಕ್ಕೆ ನಿಗದಿಯಾದ ಹತ್ತು ಹದಿನೈದು ನಿಮಿಷಗಳ ಅವಧಿಯು ಗದ್ಯಕ್ಕೆ ಒಳ್ಳೆಯ ಶಿಕ್ಷಣವನ್ನಿತ್ತಿತು. ಸಂಸ್ಕೃತ ಸಮಾಸಗಳ ಭಾರದಿಂದ ಬಾಗಿದ ವಾಕ್ಯವು ಕಿವಿಗೆ ನಿಲುಕುವುದಿಲ್ಲವೆಂಬುದನ್ನು ಲೇಖಕರು ಅಲ್ಲಿ ಕಲಿತರು. ಲಂಡನ್ನಿನ ಬಿ.ಬಿ.ಸಿ.ಯಲ್ಲಿ ಭಾಷಣ ವಿಭಾಗದ ಮೊದಲ ನಿರ್ದೇಶಕಿಯಾಗಿದ್ದ ಹಿಲ್ಡಾ ಮ್ಯಾಥೆಸನ್ನರು 1920ರ ದಶಕದ ಕೊನೆಯಲ್ಲಿಯೇ ಕಂಡುಕೊಂಡ ಸತ್ಯವಿದು: ಬಾನುಲಿಯಲ್ಲಿ ಮಾತನಾಡುವವನು ಸಭೆಯನ್ನು ಉದ್ದೇಶಿಸಿ ಗರ್ಜಿಸಬೇಕಾಗಿಲ್ಲ, ಮನೆಯಲ್ಲಿ ಕುಳಿತ ಒಬ್ಬ ವ್ಯಕ್ತಿಯೊಡನೆ ಮಾತನಾಡಿದರೆ ಸಾಕು. ಬೆಳಗಿನ ‘ಚಿಂತನ’ದಂತಹ ಕೆಲವೇ ನಿಮಿಷಗಳ ಪ್ರಸಾರಗಳಲ್ಲಿ ಈ ಆಪ್ತತೆಯು ಕನ್ನಡಕ್ಕೂ ಒಲಿದು ಬಂದಿತು.

ಆದರೆ ಆಪ್ತತೆಯೂ ಸಂವಾದವೂ ಒಂದೇ ಅಲ್ಲ. ಒಬ್ಬನ ಮಾತಿನಿಂದ ಇನ್ನೊಬ್ಬನ ಮುಂದಿನ ವಾಕ್ಯವು ಬದಲಾಗಬೇಕು. ಅದು ಸಂವಾದದ ಮೊದಲ ಲಕ್ಷಣ. ಕನ್ನಡ ನಿಲಯಗಳ ಚರ್ಚೆಗಳಲ್ಲಿ ಅನೇಕ ವೇಳೆ ಈ ಲಕ್ಷಣವೇ ಕಾಣದು. ಸರಕಾರದ ಬಾನುಲಿಯಲ್ಲಿ ಹಸ್ತಪ್ರತಿಯನ್ನು ಮುಂಚಿತವಾಗಿ ಸಲ್ಲಿಸಿ ಒಪ್ಪಿಗೆ ಪಡೆಯುವ ಪದ್ಧತಿಯು ಬಹುಕಾಲ ನಡೆದುಬಂದಿತು. ಭಾಷಣಕ್ಕೆ ಅದರಿಂದ ಹಾನಿಯಾಗಲಿಲ್ಲ, ಲಾಭವೇ ಆಯಿತೆನ್ನಬಹುದು. ಸಂವಾದಕ್ಕಾದರೋ ಅದು ಉಸಿರು ಕಟ್ಟಿಸಿತು. ಪ್ರಶ್ನೆ ಕೇಳುವವನಿಗೆ ಉತ್ತರ ಮೊದಲೇ ಗೊತ್ತು. ಉತ್ತರಿಸುವವನಿಗೆ ಮುಂದಿನ ಪ್ರಶ್ನೆ ಗೊತ್ತು. ಇಬ್ಬರೂ ಒಬ್ಬರನ್ನೊಬ್ಬರು ಒಪ್ಪುತ್ತಲೇ ಹೋಗುತ್ತಾರೆ, ಒಂದೇ ಭಾಷಣವನ್ನು ಎರಡು ಕಂಠಗಳಿಗೆ ಹಂಚಿದಂತೆ. ಧ್ವನಿಮುದ್ರಣ ಸುಲಭವಾಗಿ, ಹಸ್ತಪ್ರತಿಯ ಬಿಗಿ ಸಡಿಲಿದ ಮೇಲೂ ಈ ಅಭ್ಯಾಸವು ನಾಲಿಗೆಯಿಂದ ಸುಲಭವಾಗಿ ಬಿಡಲಿಲ್ಲ.

ಕನ್ನಡಕ್ಕೆ ಸಂವಾದದ ಸಂಪ್ರದಾಯವೇ ಇಲ್ಲವೆಂದು ಹೇಳುವಂತಿದ್ದರೆ ಈ ವಿಮರ್ಶೆಯು ಇಲ್ಲಿಗೇ ಮುಗಿಯುತ್ತಿತ್ತು. ಹಾಗಿಲ್ಲ. ವಚನಗಳನ್ನು ಸಂಭಾಷಣೆಯ ಸೂತ್ರದಲ್ಲಿ ಪೋಣಿಸಿದ ಶೂನ್ಯಸಂಪಾದನೆಯು ಇದೇ ಭಾಷೆಯಲ್ಲಿದೆ. ಅದಕ್ಕಿಂತಲೂ ಜೀವಂತವಾದ ನಿದರ್ಶನವು ಕರಾವಳಿಯ ತಾಳಮದ್ದಳೆ. ಅಲ್ಲಿ ಪ್ರಸಂಗದ ಪದ್ಯ ಮಾತ್ರ ಮೊದಲೇ ರಚಿತವಾದದ್ದು, ಅರ್ಥವೆಲ್ಲ ಆಶುವಾದದ್ದು. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿಯು ಪ್ರಶ್ನಿಸುವಾಗ, ಆ ರಾತ್ರಿ ಆ ಅರ್ಥಧಾರಿಯು ಯಾವ ದಿಕ್ಕಿನಿಂದ ಬರುವನೆಂಬುದು ರಾಮನ ಪಾತ್ರಧಾರಿಗೆ ತಿಳಿದಿರುವುದಿಲ್ಲ. ಕಾಸರಗೋಡಿನ ನೆಲದಲ್ಲಿ ಹುಟ್ಟಿದ ಶೇಣಿ ಗೋಪಾಲಕೃಷ್ಣ ಭಟ್ಟರಂತಹವರು ಧರ್ಮ, ರಾಜನೀತಿ, ನ್ಯಾಯಗಳ ಪ್ರಶ್ನೆಗಳನ್ನು ಈ ವೇದಿಕೆಯಲ್ಲಿ ಗಂಟೆಗಟ್ಟಲೆ ಮಥಿಸಿದರು. ರೈತರೂ ವ್ಯಾಪಾರಿಗಳೂ ನಿದ್ರೆಗೆಟ್ಟು ಕೇಳಿದರು. 1976ರಲ್ಲಿ ಮಂಗಳೂರು ನಿಲಯವು ಆರಂಭವಾದ ತರುವಾಯ ತಾಳಮದ್ದಳೆಯು ಬಾನುಲಿಗೂ ಏರಿತು. ವಿಚಾರವನ್ನು ಆಳವಾಗಿ ಕೆದಕುವ, ಹಸ್ತಪ್ರತಿಯಿಲ್ಲದ ನಿಜವಾದ ಕನ್ನಡ ಸಂವಾದವು ಪ್ರಸಾರವಾದದ್ದು ‘ವಿಚಾರಗೋಷ್ಠಿ’ಯ ಹೆಸರಿನಲ್ಲಿ ಅಲ್ಲ, ಮನರಂಜನೆಯ ಹೆಸರಿನಲ್ಲಿ ಎಂಬುದು ವಿಚಿತ್ರವಾದರೂ ನಿಜ. ಅದರ ಮಿತಿಯೂ ಸ್ಪಷ್ಟವೇ. ವಾಲಿಯು ರಾಮನನ್ನು ಕೇಳಬಲ್ಲನು. ಊರಿನ ಕೆರೆ ಏಕೆ ಬತ್ತಿತೆಂದು ಅಧಿಕಾರಿಯನ್ನು ಕೇಳಲಾರನು.

ಆ ಪ್ರಶ್ನೆಯನ್ನು ಕೇಳುವ ಪ್ರಯತ್ನಗಳೂ ನಡೆಯದೆ ಇಲ್ಲ. ಕೆನಡಾ ದೇಶದಲ್ಲಿ 1941ರಿಂದ ನಡೆದ ಕೃಷಿಕರ ಬಾನುಲಿ ವೇದಿಕೆಯ ಮಾದರಿಯಲ್ಲಿ, ಯುನೆಸ್ಕೋ ಸಂಸ್ಥೆಯ ನೆರವಿನಿಂದ 1956ರಲ್ಲಿ ಅಂದಿನ ಮುಂಬಯಿ ರಾಜ್ಯದ ಮರಾಠಿ ಪ್ರದೇಶದ 150 ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಅರ್ಧ ಗಂಟೆಯ 20 ಪ್ರಸಾರಗಳು. ಪ್ರತಿ ಪ್ರಸಾರವನ್ನೂ ಹಳ್ಳಿಯವರು ಗುಂಪಾಗಿ ಕುಳಿತು ಕೇಳಿ, ಚರ್ಚಿಸಿ, ತಮ್ಮ ಸಂದೇಹಗಳನ್ನು ನಿಲಯಕ್ಕೆ ಬರೆಯುತ್ತಿದ್ದರು. ಅವುಗಳಿಗೆ ಮುಂದಿನ ಪ್ರಸಾರಗಳಲ್ಲಿ ಉತ್ತರ ದೊರೆಯುತ್ತಿತ್ತು. ಧಾರವಾಡವೂ ಆಗ ಅದೇ ರಾಜ್ಯದಲ್ಲಿತ್ತು. ಅದೇ ವರ್ಷದ ನವೆಂಬರಿನಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ವೇದಿಕೆಗಳು 1959ರಿಂದ ದೇಶದ ಉಳಿದ ಭಾಗಗಳಿಗೆ ಹಬ್ಬಿದವು, ಹಬ್ಬಿದಂತೆ ತೆಳುವಾದವು. ಪತ್ರಗಳನ್ನು ಓದಿ ಉತ್ತರಿಸುವ ಶ್ರಮವು ಯಂತ್ರವನ್ನು ಕೊಳ್ಳುವ ಶ್ರಮಕ್ಕಿಂತ ದೊಡ್ಡದು.

ಕನ್ನಡದ ನೆಲದಲ್ಲಿ ಇದಕ್ಕೆ ಸಾಟಿಯಾದ ಯತ್ನ ಕೋಲಾರ ಜಿಲ್ಲೆಯ ಬೂದಿಕೋಟೆಯದು. ಹೈದರಾಲಿಯ ಜನ್ಮಸ್ಥಳವೆಂದು ಪ್ರಸಿದ್ಧವಾದ ಈ ಹಳ್ಳಿಯಲ್ಲಿ ‘ನಮ್ಮ ಧ್ವನಿ’ ಎಂಬ ಕೇಂದ್ರವು ತಲೆಯೆತ್ತಿತು. ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ ಸಾರಿದ್ದರೂ ಹಳ್ಳಿಗರ ಸಂಘಕ್ಕೆ ಪರವಾನಿಗೆ ದೊರೆಯುವಂತಿರಲಿಲ್ಲ; ಸಾಮಾನ್ಯ ಸಂಘಸಂಸ್ಥೆಗಳಿಗೆ ಆ ಬಾಗಿಲು ತೆರೆದದ್ದು 2006ರಲ್ಲಿ. ಆದುದರಿಂದ ಬೂದಿಕೋಟೆಯವರು ಆಕಾಶವನ್ನು ಬಿಟ್ಟು ತಂತಿಯನ್ನು ಹಿಡಿದರು: ಕೇಬಲ್ಲಿನ ಮೂಲಕ ಮನೆಗಳಿಗೆ ದನಿ ಮುಟ್ಟಿಸಿದರು. ಅಲ್ಲಿ ಮಾತನಾಡಿದವರು ಸ್ವಸಹಾಯ ಸಂಘಗಳ ಹೆಂಗಸರು, ಬೇಸಾಯಗಾರರು. ಉಚ್ಚಾರಣೆ ಶುದ್ಧವಲ್ಲವೆಂದು ಯಾರಾದರೂ ಮೂಗು ಮುರಿಯಬಹುದು. ಆದರೆ ಆ ಮಾತಿಗೆ ಎದುರು ಮಾತು ಅದೇ ಬೀದಿಯಿಂದ ಬರುವಂತಿತ್ತು. ರಾಜಧಾನಿಯ ನಿಲಯಗಳ ಎಷ್ಟೋ ಗೋಷ್ಠಿಗಳಿಗೆ ಆ ಭಾಗ್ಯವಿರಲಿಲ್ಲ.

ಮತ್ತೆ ಶೋಳಿಂಗನಲ್ಲೂರಿಗೆ ಬಂದರೆ, ಅಲ್ಲಿ ಚರ್ಚಿಸಬೇಕಾದ ವಿಷಯಗಳಿಗೆ ಬರವಿಲ್ಲ. ಊರಿನ ಉತ್ತರಕ್ಕೆ ಪಳ್ಳಿಕರಣೆಯ ಜೌಗುಭೂಮಿ; ಒಂದು ಕಾಲಕ್ಕೆ ಸುಮಾರು 50 ಚದರ ಕಿಲೋಮೀಟರು ಹರಡಿತ್ತೆಂದು ಅಂದಾಜಿಸಲಾದ ಆ ಪ್ರದೇಶದಲ್ಲಿ 2022ರಲ್ಲಿ ರಾಮ್ಸರ್ ಒಪ್ಪಂದದ ರಕ್ಷಣೆಗೆ ಸೇರಿದ್ದು ಸುಮಾರು 1,248 ಹೆಕ್ಟೇರು. ಜೌಗಿನ ನೀರು ಒಕ್ಕಿಯಂ ಮಡುವಿನ ಮೂಲಕ ಬಕಿಂಗ್‌ಹ್ಯಾಂ ಕಾಲುವೆಗೆ ಇಳಿದು ಕೋವಳದ ಕಡೆ ಸಮುದ್ರವನ್ನು ಸೇರಬೇಕು. ದಾರಿಯಲ್ಲಿ ಕಟ್ಟಡಗಳು ನಿಂತ ಮೇಲೆ ನೀರು ಎಲ್ಲಿಗೆ ಹೋಗುವುದೆಂಬುದನ್ನು 2015ರ ಡಿಸೆಂಬರು ತೋರಿಸಿತು. 2023ರ ಡಿಸೆಂಬರು ಮತ್ತೊಮ್ಮೆ ತೋರಿಸಿತು. ನೆರೆಯ ನೀರು ಭಾಷೆಯನ್ನು ವಿಚಾರಿಸಿ ಮನೆಯೊಳಗೆ ಬರಲಿಲ್ಲ.

ಈ ಚರ್ಚೆಯು ನಡೆಯುವುದು ತಮಿಳಿನಲ್ಲಿ. ಅದು ಸಹಜವೂ ನ್ಯಾಯವೂ ಹೌದು. 2004ರಲ್ಲಿ ಗಿಂಡಿಯ ಅಣ್ಣಾ ವಿಶ್ವವಿದ್ಯಾಲಯವು ದೇಶದ ಮೊದಲ ಸಮುದಾಯ ಬಾನುಲಿಯನ್ನು ಆರಂಭಿಸಿದ್ದು ಈ ನಗರದಲ್ಲಿಯೇ. ಇಂತಹ ನಿಲಯಗಳ ದನಿ ಹತ್ತು ಹನ್ನೆರಡು ಕಿಲೋಮೀಟರು ಮುಟ್ಟೀತು. ಸ್ವಂತ ಸುದ್ದಿಯನ್ನು ಪ್ರಸಾರ ಮಾಡುವ ಅಧಿಕಾರವನ್ನು ಮಾತ್ರ ನಿಯಮವು ಅವುಗಳಿಗೆ ಕೊಟ್ಟಿಲ್ಲ. ಪ್ರವಾಹದ ಬಗ್ಗೆ ಮಾತನಾಡಬಹುದು, ಪ್ರವಾಹದ ಸುದ್ದಿಯನ್ನು ತಾವೇ ಸಂಗ್ರಹಿಸಿ ಹೇಳಬಾರದು ಎಂಬ ಗೆರೆಯನ್ನು ಎಳೆದವರೇ ಅದನ್ನು ವಿವರಿಸಬೇಕು.

ಹೀಗೆ ಅಲ್ಲಿನ ಕನ್ನಡಿಗನ ಬಾಳು ಎರಡು ದನಿಗಳ ನಡುವೆ ಸೀಳಿದೆ. ವಿಚಾರವು ಬೆಂಗಳೂರಿನಿಂದ ಕನ್ನಡದಲ್ಲಿ ಬರುತ್ತದೆ, ಅದಕ್ಕೆ ಪಳ್ಳಿಕರಣೆಯು ಗೊತ್ತಿಲ್ಲ. ಊರಿನ ಸಂಗತಿಯು ತಮಿಳಿನಲ್ಲಿ ಬರುತ್ತದೆ, ಅದರಲ್ಲಿ ಅವನು ಕೇಳುಗನೇ ಹೊರತು ಮಾತುಗಾರನಲ್ಲ. ಕ್ರಮೇಣ ಕನ್ನಡವು ಅವನಿಗೆ ಸುಭಾಷಿತದ, ಹಳೆಯ ಹಾಡಿನ, ನೆನಪಿನ ಭಾಷೆಯಾಗುತ್ತದೆ. ಚರಂಡಿ, ಬಾಡಿಗೆ, ಮಕ್ಕಳ ಶಾಲೆ, ನೆರೆಯವರೊಡನೆ ನಡೆಯುವ ವಾದ ಇವೆಲ್ಲ ಅದರ ಹೊರಗೆ ಉಳಿಯುತ್ತವೆ. ಹೊರನಾಡ ಸಂಘಗಳು ರಾಜ್ಯೋತ್ಸವಕ್ಕೆ ಗಣ್ಯರನ್ನು ಕರೆಸಿ ಭಾಷಣ ಮಾಡಿಸುವಲ್ಲಿಯೂ ಇದೇ ವಿಭಜನೆ ಮುಂದುವರಿಯುತ್ತದೆ. ಅತಿಥಿಯು ಪಂಪನನ್ನು ಕುರಿತು ಮಾತನಾಡಿ ರಾತ್ರಿಯ ರೈಲಿಗೆ ಹೊರಡುತ್ತಾನೆ.

ಜರ್ಮನಿಯ ನಾಟಕಕಾರ ಬ್ರೆಕ್ಟ್ 1932ರಲ್ಲಿ ಬಾನುಲಿಯ ಮೇಲೆ ಹೊರಿಸಿದ ಆಕ್ಷೇಪವೆಂದರೆ, ಅದು ಹಂಚುವ ಯಂತ್ರವಾಗಿದೆಯೇ ಹೊರತು ಕೇಳಿಸಿಕೊಳ್ಳುವ ಯಂತ್ರವಾಗಿಲ್ಲವೆಂಬುದು. ಅಂದು ಅದಕ್ಕೆ ತಂತ್ರಜ್ಞಾನದ ಅಡ್ಡಿಯನ್ನು ಹೇಳಬಹುದಾಗಿತ್ತು. ಇಂದು ಮೀನುಗಾರನ ಕೈಯಲ್ಲಿಯೂ ಧ್ವನಿಮುದ್ರಕವಿದೆ. ಶೋಳಿಂಗನಲ್ಲೂರಿನಲ್ಲಿ ತಮಿಳು ಬಲ್ಲ ಒಬ್ಬ ಕನ್ನಡಿಗನು, ಕಾಲುವೆಯ ದಡದಲ್ಲಿ ಹುಟ್ಟಿ ಬೆಳೆದ ಒಬ್ಬ ಹಿರಿಯನು, ನೀರಿನ ಲೆಕ್ಕ ತಿಳಿದ ಒಬ್ಬ ಎಂಜಿನಿಯರನು ಒಂದು ಗಂಟೆ ಕುಳಿತು, ಹಸ್ತಪ್ರತಿಯಿಲ್ಲದೆ, ಮಳೆಗಾಲಕ್ಕೆ ಮುಂಚೆ ಒಕ್ಕಿಯಂ ಮಡುವಿನ ಬಾಯಿ ಎಷ್ಟು ಅಗಲವಿರಬೇಕೆಂಬ ಪ್ರಶ್ನೆಯನ್ನು ಎರಡು ಭಾಷೆಗಳಲ್ಲಿ ಮಾತನಾಡಿದರೆ, ಅದನ್ನು ಪ್ರಸಾರ ಮಾಡಲು ಬೆಂಗಳೂರಿನ ನಿಲಯಕ್ಕೂ ಸಂಕೋಚವಿರಬೇಕಾಗಿಲ್ಲ. ಬೆಳ್ಳಂದೂರಿನ ಕೆರೆಯ ದಡದಲ್ಲಿ ವಾಸಿಸುವವರಿಗೆ ಆ ಒಂದು ಗಂಟೆಯ ಮಾತು ಪರವೂರಿನದೆಂದು ತೋರಲಾರದು.