ಲೇಸರ್ ಶಾಖದಿಂದ ಜೀನ್‌ಗಳ ನಿಯಂತ್ರಣ: ಒಂದು ವಿಮರ್ಶೆ

ಜೀವಂತ ಪ್ರಾಣಿಯ ಶರೀರದಲ್ಲಿ ತಾನು ಆರಿಸಿದ ಒಂದೇ ಜೀವಕೋಶದೊಳಗೆ, ತಾನು ಬಯಸಿದ ವೇಳೆಯಲ್ಲಿ, ತಾನು ಗೊತ್ತುಮಾಡಿದ ಜೀನನ್ನು ಕಾರ್ಯಪ್ರವೃತ್ತವಾಗಿಸಬೇಕೆಂಬುದು ಜೀವವಿಜ್ಞಾನಿಯ ಬಹುಕಾಲದ ಹಂಬಲ. ಲೇಸರ್ ಕಿರಣದ ಶಾಖದಿಂದ ಇದು ಸಾಧ್ಯವೆಂಬುದು ಈಗ ಪ್ರಯೋಗಸಿದ್ಧವಾದ ಸಂಗತಿ. ಈ ವಿಧಾನವನ್ನು ವಿವರಿಸುವವರು ಸಾಮಾನ್ಯವಾಗಿ ವಿದ್ಯುದ್ದೀಪದ ಸ್ವಿಚ್ಚನ್ನು ಹೋಲಿಕೆಯಾಗಿ ಕೊಡುತ್ತಾರೆ. ಈ ಹೋಲಿಕೆ ಎಷ್ಟರಮಟ್ಟಿಗೆ ಸಲ್ಲುತ್ತದೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ. ವಿಧಾನವನ್ನು ಅಲ್ಲಗಳೆಯುವುದು ನಮ್ಮ ಇಂಗಿತವಲ್ಲ. ಅದರಿಂದ ದೊರೆತ ಫಲಿತಾಂಶಗಳಿಗೆ ಎಂಥ ಅರ್ಥವನ್ನು ಹೇಳಬಹುದು, ಎಂಥದನ್ನು ಹೇಳಲಾಗದು ಎಂಬುದೇ ಇಲ್ಲಿನ ಪ್ರಶ್ನೆ.

ಮೊದಲು ಇತಿಹಾಸವನ್ನು ಸಂಕ್ಷೇಪವಾಗಿ ನೋಡಬಹುದು. ಇಟಲಿಯ ವಿಜ್ಞಾನಿ ಫೆರುಚ್ಚೊ ರಿತೋಸ ಅವರು 1962ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಹಣ್ಣುನೊಣದ ಮರಿಹುಳುಗಳನ್ನು ತುಸು ಹೆಚ್ಚಿನ ಉಷ್ಣತೆಯಲ್ಲಿಟ್ಟಾಗ ಅವುಗಳ ಲಾಲಾಗ್ರಂಥಿಯ ವರ್ಣತಂತುಗಳು ಕೆಲವು ನಿಯತ ಸ್ಥಾನಗಳಲ್ಲಿ ಉಬ್ಬಿಕೊಳ್ಳುವುದನ್ನು ವರದಿಮಾಡಿದರು. ಉಬ್ಬು ಆ ಸ್ಥಾನದ ಜೀನ್ ಚುರುಕಾಗಿರುವುದರ ಗುರುತು. 1974ರಲ್ಲಿ ಟಿಸಿಯೆರ್, ಮಿಚೆಲ್ ಮತ್ತು ಟ್ರೇಸಿ ಎಂಬವರು ಈ ವೇಳೆಯಲ್ಲಿ ವಿಶಿಷ್ಟ ಪ್ರೋಟೀನುಗಳು ತಯಾರಾಗುತ್ತವೆಂದು ತೋರಿಸಿದರು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಡೈನೈಟ್ರೊಫಿನಾಲ್, ಸೋಡಿಯಂ ಸ್ಯಾಲಿಸಿಲೇಟ್‌ಗಳಂಥ ರಾಸಾಯನಿಕಗಳಿಂದಲೂ ಅವೇ ಉಬ್ಬುಗಳು ಮೂಡುವುದನ್ನು ರಿತೋಸ ಅವರು ಕಂಡಿದ್ದರು. ಎಂದರೆ, ಜೀವಕೋಶ ಓಗೊಡುವುದು ಶಾಖವೊಂದಕ್ಕೇ ಅಲ್ಲ, ತನಗೊದಗಿದ ಸಂಕಟಕ್ಕೆ.

ಈ ಕ್ರಿಯೆಯ ಒಳಗುಟ್ಟು ಮುಂದೆ ತಿಳಿಯಿತು. ಸಾಮಾನ್ಯ ಸ್ಥಿತಿಯಲ್ಲಿ ಎಚ್‌ಎಸ್‌ಎಫ್ ಎಂಬ ನಿಯಂತ್ರಕ ಪ್ರೋಟೀನನ್ನು ಕೆಲವು ರಕ್ಷಕ ಪ್ರೋಟೀನುಗಳು ಹಿಡಿದಿಟ್ಟಿರುತ್ತವೆ. ಶಾಖದಿಂದ ಇತರ ಪ್ರೋಟೀನುಗಳ ಮಡಿಕೆ ಕೆಟ್ಟಾಗ ರಕ್ಷಕಗಳು ಅವುಗಳ ಆರೈಕೆಗೆ ತೆರಳುತ್ತವೆ. ಬಿಡುಗಡೆಗೊಂಡ ಎಚ್‌ಎಸ್‌ಎಫ್ ಅಣುಗಳು ಮೂರುಮೂರಾಗಿ ಕೂಡಿ, ಉಷ್ಣಾಘಾತ ಜೀನುಗಳ ಪ್ರಮೋಟರ್ ಎಂಬ ಆರಂಭಸ್ಥಾನಕ್ಕೆ ಅಂಟಿ, ಅವುಗಳನ್ನು ಎಚ್ಚರಿಸುತ್ತವೆ. ಆ ಪ್ರಮೋಟರಿನ ಮುಂದೆ ತನಗೆ ಬೇಕಾದ ಜೀನನ್ನು ಜೋಡಿಸಿ, ಅದನ್ನು ಪ್ರಾಣಿಯಲ್ಲಿ ನೆಲೆಗೊಳಿಸಿ, ಒಂದು ಜೀವಕೋಶವನ್ನು ಮಾತ್ರ ಕಾಯಿಸುವುದೇ ಪ್ರಯೋಗಕಾರನ ಉಪಾಯ. ಸ್ಟ್ರಿಂಗ್‌ಹ್ಯಾಮ್ ಮತ್ತು ಕ್ಯಾಂಡಿಡೊ ಇದನ್ನು 1993ರಲ್ಲಿ ಸಿ. ಎಲೆಗನ್ಸ್ ಎಂಬ ಪಾರದರ್ಶಕ ದುಂಡುಹುಳುವಿನಲ್ಲಿ ಸಾಧಿಸಿದರು. 1997ರಲ್ಲಿ ಹಣ್ಣುನೊಣದ ಭ್ರೂಣದಲ್ಲಿಯೂ 2000ದಲ್ಲಿ ಜೀಬ್ರಾ ಮೀನಿನಲ್ಲಿಯೂ ಇದೇ ಮಾರ್ಗ ಫಲಿಸಿತು. 2009ರಲ್ಲಿ ಜಪಾನಿನ ಕಾಮೆಯ್ ಮತ್ತು ಸಹೋದ್ಯೋಗಿಗಳು 1480 ನ್ಯಾನೊಮೀಟರ್ ತರಂಗಾಂತರದ ಅವಕೆಂಪು ಲೇಸರನ್ನು ಬಳಕೆಗೆ ತಂದರು. ಈ ಕಿರಣವನ್ನು ನೀರು ಚೆನ್ನಾಗಿ ಹೀರುತ್ತದೆ. ಆದಕಾರಣ ಜೀವಕೋಶದೊಳಗಿನ ನೀರೇ ನೇರವಾಗಿ ಕಾಯುತ್ತದೆ. ಆಯ್ದ ಜೀವಕೋಶಕ್ಕೆ ಮೀಸಲಾದ ಪ್ರಮೋಟರ್ ತಿಳಿಯದಿದ್ದರೂ ಅಲ್ಲಿ ಜೀನನ್ನು ಎಚ್ಚರಿಸಬಹುದೆಂಬುದು ಈ ವಿಧಾನದ ದೊಡ್ಡ ಗುಣ. ಇದನ್ನು ನಾವು ಮನಃಪೂರ್ವಕ ಒಪ್ಪುತ್ತೇವೆ.

ಇನ್ನು ಆಕ್ಷೇಪಗಳು. ಮೊದಲನೆಯದಾಗಿ, ಕಾದ ಜೀವಕೋಶ ಹಿಂದಿದ್ದ ಜೀವಕೋಶವೇ ಅಲ್ಲ. ನಾವು ಸೇರಿಸಿದ ಜೀನಿನೊಡನೆ ಅದರ ಸ್ವಂತ ಉಷ್ಣಾಘಾತ ಜೀನುಗಳೆಲ್ಲವೂ ಎದ್ದಿರುತ್ತವೆ. ಬೇರೆ ಪ್ರೋಟೀನುಗಳ ತಯಾರಿಕೆ ಕುಗ್ಗಿರುತ್ತದೆ. ಹೀಗಿರುವಲ್ಲಿ ಅನಂತರ ಕಂಡ ಬದಲಾವಣೆ ಜೀನಿನದೋ ಶಾಖದ್ದೋ? ಸೇರಿಸಿದ ಜೀನಿಲ್ಲದ ಪ್ರಾಣಿಯ ಅದೇ ಜೀವಕೋಶವನ್ನು ಅಷ್ಟೇ ಕಾಯಿಸಿ ನೋಡದ ಹೊರತು ಉತ್ತರ ದೊರೆಯದು. ಹೊಳೆಯುವ ಪ್ರೋಟೀನಿನ ಜೀನನ್ನಷ್ಟೇ ಹೊತ್ತ ಪ್ರಾಣಿಯಲ್ಲಿಯೂ ಇದನ್ನು ನಡೆಸಿ ನೋಡುವುದು ಅವಶ್ಯಕ.

ಎರಡನೆಯದಾಗಿ, ಶಾಖಕ್ಕೆ ಎಲ್ಲೆಯಿಲ್ಲ. ಕಿರಣವನ್ನು ಒಂದು ಬಿಂದುವಿಗೆ ಕೂಡಿಸಬಹುದು. ಅಲ್ಲಿ ಹುಟ್ಟಿದ ಶಾಖ ಮಾತ್ರ ನೆರೆಯ ಜೀವಕೋಶಗಳಿಗೂ ಹರಿಯುತ್ತದೆ. ಕಡಮೆಯಾದರೆ ಜೀನ್ ಏಳದು, ಹೆಚ್ಚಾದರೆ ಜೀವಕೋಶ ಉಳಿಯದು. ಉಷ್ಣತೆಯ ಅಂಕಿಗೆ ತನ್ನಷ್ಟಕ್ಕೆ ಅರ್ಥವೂ ಇಲ್ಲ: 37 ಡಿಗ್ರಿ ಸೆಲ್ಸಿಯಸ್ ಮನುಷ್ಯನಿಗೆ ಆರೋಗ್ಯ, 25 ಡಿಗ್ರಿಯಲ್ಲಿ ಬೆಳೆದ ಹಣ್ಣುನೊಣಕ್ಕೆ ಆಘಾತ.

ಮೂರನೆಯದಾಗಿ, ಸ್ವಿಚ್ಚನ್ನು ಆರಿಸಿದೊಡನೆ ದೀಪ ಆರುತ್ತದೆ. ಇಲ್ಲಿ ಲೇಸರ್ ನಿಂತು ಶಾಖ ಇಳಿದ ಮೇಲೂ ತಯಾರಾದ ಆರ್‌ಎನ್‌ಎ ಮತ್ತು ಪ್ರೋಟೀನು ತಮ್ಮ ಆಯುಸ್ಸು ತೀರುವವರೆಗೆ ಉಳಿಯುತ್ತವೆ. ಎಚ್ಚರಿಸಿದ ಜೀನ್ ಡಿಎನ್‌ಎಯನ್ನು ಕತ್ತರಿಸಿ ಜೋಡಿಸುವ ಕಿಣ್ವದ್ದಾದರಂತೂ ಬದಲಾವಣೆ ಶಾಶ್ವತ. ಯೀಸ್ಟಿನ ಅಂಥದೊಂದು ಕಿಣ್ವವನ್ನು ಗೋಲಿಕ್ ಮತ್ತು ಲಿಂಡ್‌ಕ್ವಿಸ್ಟ್ 1989ರಲ್ಲಿ ಹಣ್ಣುನೊಣದಲ್ಲಿ ಉಷ್ಣಾಘಾತದಿಂದಲೇ ನಡೆಸಿ ತೋರಿಸಿದ್ದರು. ಹೋಲಿಕೆ ಬೇಕೇಬೇಕೆಂದಾದರೆ, ಹಾಲಿಗೆ ಹೆಪ್ಪು ಹಾಕುವುದು ಹೆಚ್ಚು ಹೊಂದುತ್ತದೆ. ಹಾಕುವ ಗಳಿಗೆ ನಮ್ಮ ಕೈಯಲ್ಲಿದೆ, ಹಾಕಿದ್ದನ್ನು ಹಿಂತೆಗೆಯುವುದು ಇಲ್ಲ.

ಇದು ಬರಿಯ ಪದಚರ್ಚೆಯಲ್ಲ. 2021ರಲ್ಲಿ ಅಮೆರಿಕದ ಗೇಬ್ರಿಯಲ್ ಕ್ವಾಂಗ್ ಅವರ ತಂಡ, ಕ್ಯಾನ್ಸರ್ ಗೆಡ್ಡೆಯನ್ನು ಎದುರಿಸುವ ಸಿಎಆರ್-ಟಿ ಜೀವಕೋಶಗಳಲ್ಲಿ ಶಾಖಕ್ಕೆ ಏಳುವ ಜೀನುಗಳನ್ನಿಟ್ಟು, ಇಲಿಗಳಲ್ಲಿ ಚಿನ್ನದ ಅತಿಸೂಕ್ಷ್ಮ ಕಡ್ಡಿಗಳನ್ನು ಅವಕೆಂಪು ಕಿರಣದಿಂದ ಕಾಯಿಸಿ ಅವನ್ನು ಎಚ್ಚರಿಸಿದ ವೃತ್ತಾಂತವನ್ನು ಪ್ರಕಟಿಸಿತು. ಇತರ ಸಂಕಟಗಳಿಗೆ ಓಗೊಡದ ಕೃತಕ ಪ್ರಮೋಟರನ್ನು ಅವರು ರಚಿಸಿಕೊಂಡದ್ದು, ಮೇಲೆ ಹೇಳಿದ ತೊಡಕನ್ನು ಅವರು ಬಲ್ಲರೆಂಬುದಕ್ಕೆ ಸಾಕ್ಷಿ. ಆದರೆ ಆ ಪ್ರಮೋಟರ್ ಏಳುವುದು 40ರಿಂದ 42 ಡಿಗ್ರಿಯಲ್ಲಿ. ತೀವ್ರ ಜ್ವರವೂ 40 ಡಿಗ್ರಿಯನ್ನು ಮುಟ್ಟಬಲ್ಲದು. ಸಿಎಆರ್-ಟಿ ಚಿಕಿತ್ಸೆಯ ಪ್ರಸಿದ್ಧವಾದ ಅಡ್ಡಪರಿಣಾಮವೇ ಜ್ವರ. ವೈದ್ಯನ ಕಿರಣ ಬೀಳುವ ಮುನ್ನವೇ ರೋಗಿಯ ಜ್ವರ ಸ್ವಿಚ್ಚನ್ನು ಒತ್ತಿದರೆ ಗತಿಯೇನು? ಈ ಪ್ರಶ್ನೆಯನ್ನು ರೋಗಿಯ ಹಾಸಿಗೆಯ ಬಳಿಗೆ ಹೋಗುವ ಮೊದಲೇ ಕೇಳಬೇಕು.

ಪ್ರತಿಯೊಂದು ವಿಧಾನಕ್ಕೂ ತನ್ನದೇ ಆದ ದೋಷವುಂಟು, ಶಾಖವನ್ನು ಮಾತ್ರ ದೂರುವುದೇಕೆ ಎಂದು ಕೆಲವರು ಕೇಳಬಹುದು. ನಿಜ, ಔಷಧದಿಂದ ಜೀನನ್ನು ಎಚ್ಚರಿಸಿದಾಗಲೂ ಔಷಧದ ಸ್ವಂತ ಪರಿಣಾಮವನ್ನು ಲೆಕ್ಕ ಹಾಕಬೇಕಾಗುತ್ತದೆ. ವ್ಯತ್ಯಾಸವಿಷ್ಟೆ: ಇಲ್ಲಿ ನಮ್ಮ ಆಜ್ಞೆಯನ್ನು ಒಯ್ಯುವ ದೂತನೇ ಜೀವಕೋಶದ ಆರ್ತನಾದ. ಅದನ್ನು ನಾವು ಎರವಲು ಪಡೆದಿದ್ದೇವೆ, ಆಳುತ್ತಿಲ್ಲ. ಆದ್ದರಿಂದ ಈ ವಿಷಯದ ಸಂಶೋಧನ ಲೇಖನಗಳನ್ನು ಓದುವ ನಮ್ಮ ವಿದ್ಯಾರ್ಥಿಗಳು ಹೊಳೆಯುವ ಜೀವಕೋಶದ ಚಿತ್ರಕ್ಕೆ ಮನಸೋಲುವ ಮುನ್ನ, ಜೀನಿಲ್ಲದೆ ಕಾಯಿಸಿದ ಜೀವಕೋಶ ಏನಾಯಿತೆಂಬುದನ್ನು ಹುಡುಕಲಿ. ಅದು ಅಲ್ಲಿ ಇಲ್ಲದಿದ್ದರೆ, ನಿಯಂತ್ರಣವೆಂಬ ಮಾತನ್ನು ಆ ಲೇಖನ ಇನ್ನೂ ಸಂಪಾದಿಸಿಲ್ಲವೆಂದೇ ನಮ್ಮ ಮತ.