ನೌಬಾದಿನ ಸುರಂಗಕ್ಕೆ ಮೇಲಿನಿಂದ ದಾರಿ

ಬೀದರಿನ ನೌಬಾದ್ ಕರೇಜ್ ನೋಡಿಬಂದ ಓದುಗರೊಬ್ಬರು, ಅದು ಕೋಟೆಯಿಂದ ತಪ್ಪಿಸಿಕೊಳ್ಳುವ ಕಳ್ಳದಾರಿಯಂತೆ ಹೌದೇ ಎಂದು ಕೇಳಿದ್ದಾರೆ. ಸುರಂಗವೆಲ್ಲ ಕಳ್ಳದಾರಿಯೇ ಎನ್ನುವವರೊಂದಿಗೆ ನನ್ನ ಜಗಳ ಹಳೆಯದು. ನೆಲದಡಿ ಒಂದು ಸುರಂಗ ಕಂಡರೆ ಸಾಕು, ಅದು ಗೋಲ್ಕೊಂಡ ಕೋಟೆಗೇ ಹೋಗುತ್ತದೆಂದು ಕತೆ ಹುಟ್ಟುತ್ತದೆ.

ನೌಬಾದ್ ಕರೇಜ್ ನೀರಿನ ದಾರಿ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಪರ್ಷಿಯಾದ ನಂಟು ಗಟ್ಟಿಯಾಗಿದ್ದ ಆ ಕಾಲದಲ್ಲಿ ಅಂತರ್ಜಲವನ್ನು ಸುರಂಗದಲ್ಲಿ ಹರಿಸಿ ತರುವ ಅಲ್ಲಿನ ಕರೇಜ್ ವಿದ್ಯೆಯೂ ಬಂತು. ನೌಬಾದಿನದು 2 ಕಿಲೋಮೀಟರಿಗೂ ಉದ್ದ. ಮೇಲಿಂದ ಇಳಿಯುವ ಬಾವಿಯಂಥ ಕಂಡಿಗಳು 21. ಅಗೆದ ಮಣ್ಣು ಮೇಲೆ ಬಂದದ್ದು, ಕೆಳಗಿದ್ದವರಿಗೆ ಗಾಳಿ ಸಿಕ್ಕಿದ್ದು, ಊರವರು ನೀರು ಸೇದಿದ್ದು ಎಲ್ಲ ಅವುಗಳಲ್ಲೇ. ಇಳಿಜಾರು ಹೆಚ್ಚಾದರೆ ನೀರು ತಳವನ್ನು ಕೊರೆಯುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ; ಹಾಗಾಗಿ ಮಟ್ಟವನ್ನು ಸರಿಯಾಗಿ ಅಳೆಯಲೇಬೇಕು. 11ನೇ ಶತಮಾನದ ಪರ್ಷಿಯಾದ ಗಣಿತಜ್ಞ ಅಲ್-ಕರಜಿ ಅಡಗಿದ ನೀರಿನ ಬಗ್ಗೆ ಬರೆದ ಗ್ರಂಥ ನನಗೆ ಅಚ್ಚುಮೆಚ್ಚು. ಬೆಳೆದ ಗಿಡ ನೋಡಿ ನೀರಿನ ಸುಳಿವು ಹಿಡಿಯುವುದರಿಂದ ಹಿಡಿದು ನೆಲದ ಮಟ್ಟ ಅಳೆಯುವ ಉಪಕರಣಗಳವರೆಗೆ ಅದರಲ್ಲಿ ವಿವರವಿದೆ. ನೆಲದ ಮೇಲೆ ನಿಂತೇ ಒಳಗಿನದನ್ನು ಲೆಕ್ಕಹಾಕುವ ವಿದ್ಯೆ ಅದು.

ಬೀದರಿನ ನೆಲವೂ ಈ ವಿದ್ಯೆಗೆ ಒಗ್ಗಿತು. ಮೇಲೆ ರಂಧ್ರಗಳಿಂದ ತುಂಬಿದ ಜಂಬಿಟ್ಟಿಗೆ, ಅಡಿಯಲ್ಲಿ ಗಟ್ಟಿ ಕಪ್ಪುಕಲ್ಲು. ಮಳೆನೀರು ಮೇಲಿನದರಲ್ಲಿ ಇಂಗಿ, ಕೆಳಗಿನದು ತಡೆದಲ್ಲಿ ಅಡ್ಡಕ್ಕೆ ಹರಿಯುತ್ತದೆ. ಅಗೆಯುವಾಗ ಮೆತ್ತಗಿರುವ ಜಂಬಿಟ್ಟಿಗೆ ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ. ಝರಣಿ ನರಸಿಂಹನ ದರ್ಶನಕ್ಕೆ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆಯುವ ಗುಹೆ ಕೂಡ ಇದೇ ಕಲ್ಲಿನದು. ಗುರುದ್ವಾರವಾದ ಗುರುನಾನಕ್ ಝೀರಾದ ಒರತೆಯೂ ಅಷ್ಟೇ. ಒಂದೇ ಜಂಬಿಟ್ಟಿಗೆಯ ನೀರು ವೈಷ್ಣವ ಭಕ್ತರಿಗೂ ಸಿಖ್ಖರಿಗೂ ತೀರ್ಥವಾಗಿದೆ, ಬಹಮನಿ ರಾಜಧಾನಿಗೆ ಕುಡಿಯುವ ನೀರಾಗಿತ್ತು. ಬೀದರಿಗೆ ಹೋದವರು ಈ ಮೂರನ್ನೂ ಒಂದೇ ದಿನ ನೋಡಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ.

ಕಳ್ಳದಾರಿಯ ಕತೆಯಿಂದ ಏನು ನಷ್ಟ ಎಂದು ಕೇಳಬಹುದು. ಆ ಕತೆ ನಂಬಿದವನ ಕಣ್ಣು ಸುರಂಗದ ಎರಡು ತುದಿಗಳ ಮೇಲಷ್ಟೇ ಇರುತ್ತದೆ. ನಡುವಿನ ನೆಲ ಅವನ ಲೆಕ್ಕಕ್ಕೆ ಬರುವುದಿಲ್ಲ. ಕಂಡಿಗೆ ಕಸ ಸುರಿದರೂ, ಅದನ್ನು ಮುಚ್ಚಿ ನಿವೇಶನ ಮಾಡಿದರೂ, ಪಕ್ಕದಲ್ಲೇ ಕೊಳವೆಬಾವಿ ಕೊರೆದರೂ ಸುರಂಗ ಕೆಟ್ಟಿತೆಂದು ಅವನಿಗೆ ಅನಿಸದು. ಹೂಳೆತ್ತಿ, ಒಳಗೆ ದೀಪ ಹಾಕಿ, ಬಾಗಿಲಿಗೆ ಕಮಾನು ಕಟ್ಟಿದರೆ ಸಂರಕ್ಷಣೆ ಮುಗಿಯಿತೆನ್ನುವ ಈಗಿನ ಚಾಳಿಯೂ ಇಂಥದ್ದೇ. ಹೂಳು ತೆಗೆಯಲೇಬೇಕು. ಆದರೆ ಮಳೆ ಇಂಗುವ ಬಯಲು ಕಾಂಕ್ರೀಟಾದರೆ ಒಳಗೆ ಹರಿಯುವುದೇನು?

ಆದ್ದರಿಂದ ಹೋಗುವವರು ಮಳೆಗಾಲ ಮುಗಿದ ಮೇಲೆ ಹೋಗಿ. ಮೊದಲು ಬಿಸಿಲಿನಲ್ಲೇ ಕಂಡಿಯಿಂದ ಕಂಡಿಗೆ ನಡೆಯಿರಿ, ಯಾವುದು ತೆರೆದಿದೆ, ಯಾವುದು ಮುಚ್ಚಿದೆ ಎಂದು ಬರೆದುಕೊಳ್ಳಿ. ಒಳಗೆ ಇಳಿಯುವುದು ಆಮೇಲೆ.