ಕಾಡಿನ ಮಾಟಗಾತಿ, ಮನೆಯೊಳಗಿನ ಸುಳ್ಳು

ರಾಬರ್ಟ್ ಎಗರ್ಸ್ ನಿರ್ದೇಶನದ ‘ದಿ ವಿಚ್’ ನೋಡಿದವರಲ್ಲಿ ‘ಅಡ್ಡಿಯಿಲ್ಲ’ ಎನ್ನುವವರು ಸಿಗುವುದು ಅಪರೂಪ. ಒಂದೋ ಇಷ್ಟು ಹೆದರಿಸಿದ ಸಿನಿಮಾ ಇನ್ನೊಂದಿಲ್ಲ ಎನ್ನುತ್ತಾರೆ, ಇಲ್ಲವಾದರೆ ಒಂದೂವರೆ ಗಂಟೆ ದಂಡವಾಯಿತು ಎನ್ನುತ್ತಾರೆ. ಇದು ನಮ್ಮ ಊರಿನ ಕತೆ ಮಾತ್ರ ಅಲ್ಲ. ಎಗರ್ಸ್‌ಗೆ ಇದು ಮೊದಲ ಚಿತ್ರ. 2015ರ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಇದಕ್ಕೇ ನಿರ್ದೇಶನದ ಪ್ರಶಸ್ತಿ ಬಂತು. ವಿಮರ್ಶಕರಲ್ಲಿ ನೂರಕ್ಕೆ 90ರಷ್ಟು ಮಂದಿ ಮೆಚ್ಚಿದರು. 2016ರ ಫೆಬ್ರವರಿಯಲ್ಲಿ ಅಮೆರಿಕದ ಟಾಕೀಸುಗಳಿಗೆ ಬಂದಾಗ ಮಾತ್ರ ಬೇರೆಯೇ ಆಯಿತು. ಮೊದಲ ದಿನ ನೋಡಿ ಹೊರಬಂದವರನ್ನು ಕೇಳಿ ದರ್ಜೆ ಕೊಡುವ ಸಿನಿಮಾಸ್ಕೋರ್ ಎಂಬ ಸಂಸ್ಥೆ ಉಂಟು. ಅದು ಈ ಚಿತ್ರಕ್ಕೆ ಕೊಟ್ಟದ್ದು ‘ಸಿ ಮೈನಸ್’. ಹಾಗಂತ ಚಿತ್ರ ಸೋತದ್ದೂ ಅಲ್ಲ. ಸುಮಾರು 40 ಲಕ್ಷ ಡಾಲರಿನಲ್ಲಿ ತಯಾರಾಗಿ 4 ಕೋಟಿ ಡಾಲರಿನಷ್ಟು ಗಳಿಸಿತು.

ಒಂದೇ ಚಿತ್ರದ ಬಗ್ಗೆ ಇಷ್ಟು ದೂರದ ಎರಡು ಮಾತು ಯಾಕೆ ಬಂತು? ನನಗೆ ಕಂಡಂತೆ ಇಲ್ಲಿ ಜಗಳ ಎರಡು. ಒಂದು, ಚಿತ್ರ ನಿಧಾನವಾಯಿತು ಎಂಬುದು. ಇನ್ನೊಂದು, ಮಾಟಗಾತಿಯನ್ನು ನಿಜವೆಂದೇ ತೋರಿಸಿದ್ದು ಸರಿಯೋ ಎಂಬುದು. ಮೊದಲನೆಯದನ್ನು ಎಲ್ಲರೂ ಗಟ್ಟಿಯಾಗಿ ಆಡುತ್ತಾರೆ. ಎರಡನೆಯದನ್ನು ಕಡಿಮೆ ಮಂದಿ ಎತ್ತುತ್ತಾರೆ, ಆದರೆ ತೂಕ ಇರುವುದು ಅದಕ್ಕೆ. ಮುಂದೆ ಕತೆಯ ಕೊನೆಯನ್ನೂ ಹೇಳಲಿಕ್ಕುಂಟು. ನೋಡದೆ ಇದ್ದವರು ಬೇಕಾದರೆ ನೋಡಿಯೇ ಓದಿ.

ಕತೆ ನಡೆಯುವುದು 1630ರ ದಶಕದ ನ್ಯೂ ಇಂಗ್ಲೆಂಡಿನಲ್ಲಿ. ಇಂಗ್ಲೆಂಡಿನಿಂದ ಕಡಲು ದಾಟಿ ಬಂದ ಪ್ಯೂರಿಟನ್ ಕುಟುಂಬ. ಅಪ್ಪ ವಿಲಿಯಂ ಧರ್ಮದ ವಿಷಯದಲ್ಲಿ ಊರಿನವರೊಡನೆ ಹಟಕ್ಕೆ ಬಿದ್ದು ಬಹಿಷ್ಕಾರ ಹಾಕಿಸಿಕೊಳ್ಳುತ್ತಾನೆ. ಹೆಂಡತಿ ಕ್ಯಾಥರಿನ್, ಹರೆಯಕ್ಕೆ ಬಂದ ಮಗಳು ಥಾಮಸಿನ್, ಅವಳ ತಮ್ಮ ಕೇಲಬ್, ಅವಳಿ ಮಕ್ಕಳು, ಒಂದು ಕೂಸು: ಇಷ್ಟು ಜನ ಕಾಡಿನ ಅಂಚಿನಲ್ಲಿ ಗದ್ದೆ ಮಾಡಿ ನಿಲ್ಲುತ್ತಾರೆ. ಥಾಮಸಿನ್ ಕೂಸನ್ನು ಆಡಿಸುತ್ತಿರುವಾಗಲೇ, ಕಣ್ಣುಮುಚ್ಚಿ ತೆಗೆಯುವುದರೊಳಗೆ, ಕೂಸು ಇಲ್ಲ. ಅಲ್ಲಿಂದ ಮನೆ ಒಂದೊಂದೇ ಹೆಜ್ಜೆ ಕುಸಿಯುತ್ತದೆ. ಚಿತ್ರದ ಉಪಶೀರ್ಷಿಕೆಯೇ ನ್ಯೂ ಇಂಗ್ಲೆಂಡಿನ ಒಂದು ಜನಪದ ಕತೆ ಎಂದು. ಮಾತುಗಳಲ್ಲಿ ಬಹಳಷ್ಟನ್ನು ಆ ಕಾಲದ ದಿನಚರಿ, ನ್ಯಾಯಾಲಯದ ಕಡತಗಳಿಂದಲೇ ತೆಗೆದುಕೊಂಡದ್ದೆಂದು ಕೊನೆಯಲ್ಲಿ ತಿಳಿಸುತ್ತಾರೆ. ಆ ಹಳೆಯ ಇಂಗ್ಲಿಷ್ ತಿಳಿಯದೆ ಅಮೆರಿಕದವರೇ ಅಕ್ಷರ ಹಾಕಿಕೊಂಡು ನೋಡಿದ್ದುಂಟು. ಬೆಳಕು ಹೆಚ್ಚಿನ ಕಡೆ ಹಗಲಿನದ್ದು, ಇಲ್ಲವೇ ಮೋಂಬತ್ತಿಯದ್ದು. ಹಾಗಾಗಿ ಪರದೆ ತುಂಬಾ ಬೂದಿಬಣ್ಣ.

ನಮ್ಮ ವಾಚನಾಲಯದಲ್ಲಿ ಪ್ರೊಜೆಕ್ಟರ್ ಹಾಕಿ ತೋರಿಸಿದ ದಿನ ಒಬ್ಬರು ಹೊರಗೆ ಬಂದು ಹೇಳಿದರು: “ಇದೆಂತ ಮಾರಾಯ್ರೆ, ಇಷ್ಟು ಹೊತ್ತು ಕೂತದ್ದಕ್ಕೆ ಕಡೆಗೆ ಒಂದು ಹೋತ ಮಾತಾಡಿತು, ಅಷ್ಟೇ ಅಲ್ವಾ?” ಎಲ್ಲರೂ ನಕ್ಕೆವು. ಅವರ ದೂರಿನಲ್ಲಿ ನ್ಯಾಯ ಇಲ್ಲದಿಲ್ಲ. ಭಯದ ಸಿನಿಮಾ ಎಂದರೆ ಬಾಗಿಲು ಕಿರ್ರೆನ್ನಬೇಕು, ಹಿಂದಿನಿಂದ ಕೈ ಬರಬೇಕು ಎಂಬ ಲೆಕ್ಕ ನಮಗೆ ರೂಢಿಯಾಗಿದೆ. ಜಾಹೀರಾತು ನೋಡಿ ಅದನ್ನೇ ಕಾದು ಕೂತವನಿಗೆ ಇದು ಸಪ್ಪೆಯೇ.

ಆದರೆ ನಿಧಾನ ಎಂಬ ಒಂದೇ ಕಾರಣಕ್ಕೆ ನಮ್ಮವರು ಎದ್ದು ಹೋಗುವವರಲ್ಲ. ಕೋಲದ ರಾತ್ರಿ ಮುಖಕ್ಕೆ ಬಣ್ಣ ಹಾಕಿ, ಪಾಡ್ದನ ಮುಗಿದು, ಅಣಿ ಕಟ್ಟಿ, ಗಗ್ಗರ ಕಟ್ಟಿ ಏಳುವ ತನಕ ಗಂಟೆಗಟ್ಟಲೆ ಕಾಯುತ್ತೇವೆ. ನಡುವೆ ಚಾ ಕುಡಿದು ಬರುತ್ತೇವೆ, ಮಕ್ಕಳು ಮಡಿಲಲ್ಲಿ ನಿದ್ದೆ ಹೋಗುತ್ತವೆ, ‘ತಡ ಆಯ್ತು’ ಎಂದು ಯಾರೂ ದೂರುವುದಿಲ್ಲ. ಯಾಕೆಂದರೆ ಬರುವುದು ಬರುತ್ತದೆ ಎಂದು ನಮಗೆ ಗೊತ್ತು, ನಾವು ಆ ನಂಬಿಕೆಯ ಒಳಗೇ ಕೂತಿದ್ದೇವೆ. ‘ದಿ ವಿಚ್’ ನೋಡುಗನನ್ನು ಅಂಥದ್ದೇ ಜಾಗದಲ್ಲಿ ಕೂರಿಸಲು ನೋಡುತ್ತದೆ. ಆ ಕುಟುಂಬಕ್ಕೆ ಸೈತಾನ ಎಷ್ಟು ನಿಜವೋ ಅಷ್ಟೇ ನಿಜವಾಗಿ ನಮಗೂ ತೋರಿಸುತ್ತದೆ. ಆ ನಂಬಿಕೆಯ ಒಳಗೆ ಹೊಕ್ಕವರಿಗೆ ಕಾಯುವುದು ಕಷ್ಟವಾಗಲಿಲ್ಲ. ಹೊರಗೆ ಉಳಿದವರಿಗೆ ಪ್ರತಿ ನಿಮಿಷವೂ ಭಾರ.

ಈ ನಿಧಾನದಲ್ಲಿ ಎಗರ್ಸ್ ಏನು ಮಾಡುತ್ತಾರೆ? ಮನೆಯ ಕೊರತೆಗಳ ಲೆಕ್ಕ ಇಡುತ್ತಾರೆ. ಮೆಕ್ಕೆಜೋಳದ ತೆನೆ ಕೊಳೆತಿದೆ. ಚಳಿಗಾಲ ಹತ್ತಿರ ಬಂದಿದೆ. ವಿಲಿಯಂಗೆ ಬೇಟೆ ಬರುವುದಿಲ್ಲ, ಬರುವುದು ಸೌದೆ ಒಡೆಯುವುದೊಂದೇ. ಸಿಟ್ಟು ಬಂದಾಗೆಲ್ಲ ಸೌದೆ ಒಡೆಯುತ್ತಾನೆ. ಕಾಡಿನಲ್ಲಿ ಪ್ರಾಣಿ ಹಿಡಿಯುವ ಬೋನು ಬೇಕೆಂದು ಹೆಂಡತಿಯ ಬೆಳ್ಳಿಯ ಬಟ್ಟಲನ್ನು ಗುಟ್ಟಾಗಿ ಮಾರಿದ್ದಾನೆ. ಬಟ್ಟಲು ಎಲ್ಲಿ ಎಂದು ಕ್ಯಾಥರಿನ್ ಮಗಳನ್ನೇ ಹಿಡಿದು ಕೇಳುವಾಗ ಅಪ್ಪ ಪಕ್ಕದಲ್ಲೇ ಇದ್ದಾನೆ, ಬಾಯಿ ಬಿಡುವುದಿಲ್ಲ. ಕೇಲಬ್‌ಗೂ ನಿಜ ಗೊತ್ತು, ಅವನೂ ಸುಮ್ಮನೆ. ರಾತ್ರಿ ಮಕ್ಕಳು ಮಲಗಿದ್ದಾರೆಂದು ಗಂಡಹೆಂಡತಿ ಪಿಸುಗುಟ್ಟುತ್ತಾರೆ: ಥಾಮಸಿನ್ ದೊಡ್ಡವಳಾದಳು, ಬೇರೆ ಯಾರದಾದರೂ ಮನೆಗೆ ಕೆಲಸಕ್ಕೆ ಕಳಿಸಬೇಕು. ಮಕ್ಕಳು ಅದನ್ನೂ ಕೇಳಿಸಿಕೊಳ್ಳುತ್ತಾರೆ.

ನನಗೆ ಭಯವಾದದ್ದು ಇಲ್ಲಿ. ಬೆಳ್ಳಿ ಬಟ್ಟಲಿನ ಒಂದು ಸುಳ್ಳು ಮಗಳ ತಲೆಯ ಮೇಲೆ ಕೂತಿತು. ಅದರ ಮೇಲೆ ಕೂಸು ಕಳೆದ ದುಃಖ ಕೂತಿತು. ಕೊಳೆತ ಬೆಳೆ, ಸತ್ತ ಕೇಲಬ್ ಎಲ್ಲವೂ ಸಾಲಾಗಿ ಅಲ್ಲಿಯೇ ಬಂದು ಕೂತವು. ತಂಗಿಯನ್ನು ಹೆದರಿಸಲಿಕ್ಕೆ ‘ನಾನೇ ಮಾಟಗಾತಿ’ ಎಂದು ಹಿಂದೊಮ್ಮೆ ಹುಡುಗಾಟಕ್ಕೆ ಆಡಿದ ಮಾತು ಆಗ ಸಾಕ್ಷಿಯಾಗಿ ನಿಲ್ಲುತ್ತದೆ. ಇದನ್ನು ಗಡಿಬಿಡಿಯಲ್ಲಿ ತೋರಿಸಲಿಕ್ಕೆ ಆಗುವುದಿಲ್ಲ. ತಪ್ಪು ಒಬ್ಬರ ಮೇಲಿಂದ ಇನ್ನೊಬ್ಬರ ಮೇಲೆ ದಾಟುವುದು ಕಾಣಬೇಕಾದರೆ ಹೊತ್ತು ಬೇಕು. ಹಾಗಾಗಿ ಮೊದಲ ಜಗಳದಲ್ಲಿ ನಾನು ಚಿತ್ರದ ಪಕ್ಷ.

ಎರಡನೆಯದು ಅಷ್ಟು ಸುಲಭದ್ದಲ್ಲ. ಅದನ್ನು ಎತ್ತಿದವರು ಅದೇ ದಿನ ನೋಡಲು ಬಂದಿದ್ದ ಟೀಚರ್ ಒಬ್ಬರು. “ಕೂಸು ಕಾಣೆಯಾದ ಕೂಡಲೇ ಕಾಡಿನ ಮಾಟಗಾತಿಯನ್ನು ತೋರಿಸಿಬಿಟ್ಟರಲ್ಲ. ಹಾಗಾದರೆ ಅಂಥವಳು ಇದ್ದಾಳೆ ಎಂದಾಯಿತು. ಸುಟ್ಟವರು, ಗಲ್ಲಿಗೆ ಹಾಕಿದವರು ಹೇಳಿದ್ದೂ ಅದನ್ನೇ ಅಲ್ಲವಾ?” ಎಂದು ಕೇಳಿದರು.

ಪ್ರಶ್ನೆ ಹಗುರದ್ದಲ್ಲ. ಚಿತ್ರದ ಕಾಲ ಕಳೆದು ಸುಮಾರು 60 ವರ್ಷಕ್ಕೆ, 1692ರಲ್ಲಿ, ಅದೇ ಮ್ಯಾಸಚೂಸೆಟ್ಸಿನ ಸೇಲಂನಲ್ಲಿ 150ಕ್ಕೂ ಹೆಚ್ಚು ಮಂದಿಯ ಮೇಲೆ ಮಾಟದ ಆರೋಪ ಬಂತು. 19 ಮಂದಿಯನ್ನು ಗಲ್ಲಿಗೆ ಹಾಕಿದರು. ವಿಚಾರಣೆಗೆ ಒಪ್ಪದ ಜೈಲ್ಸ್ ಕೋರಿ ಎಂಬ ಮುದುಕನ ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಆರೋಪಿಯ ಛಾಯೆ ತಮ್ಮನ್ನು ಪೀಡಿಸಿತು ಎಂಬ ಹುಡುಗಿಯರ ಮಾತನ್ನು ನ್ಯಾಯಾಲಯ ಸಾಕ್ಷ್ಯವೆಂದು ಒಪ್ಪಿತು. ಆಗ ಶಿಕ್ಷೆಗೆ ಗುರಿಯಾದ ಎಲಿಜಬೆತ್ ಜಾನ್ಸನ್ ಎಂಬವಳ ಹೆಸರಿನ ಕಳಂಕವನ್ನು ಅಲ್ಲಿನ ಶಾಸನಸಭೆ ತೆಗೆದದ್ದು 2022ರಲ್ಲಿ. ಇಷ್ಟು ದೂರ ಹೋಗುವುದೂ ಬೇಡ. ಜಾರ್ಖಂಡಿನಲ್ಲಿ ಹೆಂಗಸನ್ನು ‘ಡಾಯಿನ್’ ಎನ್ನುವುದನ್ನು ತಡೆಯಲು 2001ರಲ್ಲಿ ಕಾನೂನು ಮಾಡಬೇಕಾಯಿತು. ನಮ್ಮ ದೇಶದ ಅಪರಾಧ ದಾಖಲೆಗಳಲ್ಲಿ ಕೊಲೆಗೆ ಕಾರಣಗಳ ಪಟ್ಟಿ ಕೊಡುವಾಗ ಮಾಟಕ್ಕೇ ಬೇರೆ ಒಂದು ಸಾಲು ಉಂಟು. ಇದೆಲ್ಲ ಗೊತ್ತಿದ್ದವರಿಗೆ ನಿಜವಾದ ಮಾಟಗಾತಿಯನ್ನು ತೋರಿಸುವ ಸಿನಿಮಾ ಇರುಸುಮುರುಸು ತಂದರೆ ಆಶ್ಚರ್ಯವಿಲ್ಲ.

ನಾನು ಟೀಚರಿಗೆ ಆ ದಿನ ಸರಿಯಾದ ಉತ್ತರ ಕೊಡಲಿಲ್ಲ, ಹೊತ್ತಾಗಿತ್ತು. ಈಗ ಬರೆಯುತ್ತೇನೆ. ಚಿತ್ರದಲ್ಲಿ ಮಾಟಗಾತಿ ನಿಜ. ಆದರೂ ಮನೆಯವರು ಹಿಡಿದದ್ದು ಅವಳನ್ನಲ್ಲ. ಅಪ್ಪ ಮಗಳನ್ನು ಆಡಿನ ಕೊಟ್ಟಿಗೆಯಲ್ಲಿ ಕೂಡಿ ಹಲಗೆ ಹೊಡೆಯುವಾಗ ಅವಳು ನಿರಪರಾಧಿ ಎಂದು ನಮಗೆ ಗೊತ್ತು, ಯಾಕೆಂದರೆ ಕೂಸನ್ನು ಒಯ್ದದ್ದು ಯಾರೆಂದು ನಾವು ಕಂಡಿದ್ದೇವೆ. ಮಾಟಗಾತಿಯನ್ನು ಮೊದಲೇ ತೋರಿಸಿದ್ದರ ಲಾಭ ಇದು. ಮಾಟ ಇಲ್ಲವೇ ಇಲ್ಲ ಎಂದಿದ್ದರೆ ‘ಪಾಪ, ಆ ಕಾಲದ ಮೂಢರು’ ಎಂದು ನಾವು ಆರಾಮವಾಗಿ ಎದ್ದು ಬರಬಹುದಿತ್ತು. ಮಾಟ ಉಂಟು ಎಂದು ಒಪ್ಪಿಕೊಂಡ ಮೇಲೂ ಹತ್ತಿರದ, ಕೈಗೆ ಸಿಗುವ, ಎದುರು ಮಾತಾಡುವ ಹುಡುಗಿಯೇ ಸಿಕ್ಕಿಬೀಳುತ್ತಾಳೆ. ಹಾಗಾದರೆ ನಂಬುವವನಿಗೂ ಈ ಚಿತ್ರದಲ್ಲಿ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಅಡಕೆಗೆ ಕೊಳೆರೋಗ ಬಂದಾಗ ಮದ್ದು ಬಿಟ್ಟದ್ದು ತಡವಾಯಿತು ಎನ್ನದೆ, ಮನೆಗೆ ಬಂದ ಸೊಸೆಯ ಕಾಲ್ಗುಣ ಎತ್ತುವವರು ನಮ್ಮಲ್ಲಿಯೂ ಉಂಟಲ್ಲ!

ಚಿತ್ರದ ಕೊನೆಯ ಬಗ್ಗೆ ಮಾತ್ರ ನನಗೆ ಟೀಚರ ಮಾತಿನಲ್ಲಿ ಅರ್ಧ ಒಪ್ಪಿಗೆ. ಮನೆಯವರೆಲ್ಲ ಹೋದ ಮೇಲೆ ಥಾಮಸಿನ್ ಕಪ್ಪು ಹೋತದೊಡನೆ ಮಾತಾಡುತ್ತಾಳೆ. ಅದು ಬೆಣ್ಣೆಯ ರುಚಿ, ಚಂದದ ಬಟ್ಟೆ, ಲೋಕ ನೋಡುವ ಆಸೆ ತೋರಿಸುತ್ತದೆ. ಅವಳು ಪುಸ್ತಕಕ್ಕೆ ಸಹಿ ಹಾಕಿ ಕಾಡಿಗೆ ಹೋಗುತ್ತಾಳೆ. ಮಾಟಗಾತಿಯರ ನಡುವೆ ನಗುತ್ತಾ ಗಾಳಿಗೆ ಏಳುತ್ತಾಳೆ. ಇದು ಬಿಡುಗಡೆ ಎಂದು ಕೆಲವರು, ನಾಶ ಎಂದು ಕೆಲವರು. ಬೆಣ್ಣೆಯ ಆಸೆ ನನಗೆ ಅರ್ಥವಾಗುತ್ತದೆ. ಹಸಿದ ಮನೆಯ ಹುಡುಗಿಗೆ ಅದಕ್ಕಿಂತ ದೊಡ್ಡ ಆಮಿಷ ಯಾವುದು? ಹೋಗಲಿಕ್ಕೆ ಅವಳಿಗೆ ಬೇರೆ ಜಾಗವನ್ನೂ ಯಾರೂ ಉಳಿಸಿರಲಿಲ್ಲ. ಆದರೆ ಅವಳು ಮೇಲೇಳುವ ಆ ಚಂದದ ಚಿತ್ರದೊಂದಿಗೆ ಆರೋಪ ಮಾಡಿದವರ ಮಾತು ನಿಜವಾದಂತೆಯೂ ಆಗುತ್ತದೆ. ಸಹಿ ಹಾಕುವ ಕಡೆಗೇ ಚಿತ್ರ ನಿಂತಿದ್ದರೆ ಆರೋಪವೇ ಅವಳನ್ನು ಅಲ್ಲಿಗೆ ತಳ್ಳಿದ್ದು ಇನ್ನೂ ಸ್ಪಷ್ಟವಾಗಿ ಉಳಿಯುತ್ತಿತ್ತು.

ನಂಬಿಕೆಯ ಒಳಗೇ ನಿಂತು ಕತೆ ಹೇಳುವ ಈ ದಾರಿ ನಮಗೆ ಹೊಸದಲ್ಲ. 2024ರಲ್ಲಿ ಬಂದ ಮಲಯಾಳದ ‘ಭ್ರಮಯುಗಂ’ ನಮ್ಮಲ್ಲಿ ಹೆಚ್ಚಿನವರು ನೋಡಿದ್ದಾರೆ. 17ನೇ ಶತಮಾನದ ಮಲಬಾರು, ಪೂರ್ತಿ ಕಪ್ಪುಬಿಳುಪು, ಮಮ್ಮುಟ್ಟಿಯ ಪೋತ್ತಿ. ಅಲ್ಲಿಯೂ ಚಾತನ್ ಇಲ್ಲ ಎಂದು ಹೇಳುವುದಿಲ್ಲ. ಚಾತನ್ ಇರುವ ಮನೆಯಲ್ಲಿ ಯಾರು ಯಜಮಾನ, ಯಾರು ಆಳು ಎಂದು ಕೇಳುತ್ತಾರೆ. ಅದಕ್ಕೂ ‘ಸ್ಲೋ’ ಎಂದವರಿದ್ದರು. ಎರಡನ್ನೂ ಒಂದೇ ವಾರ ನೋಡಿದರೆ ಒಂದರಿಂದ ಇನ್ನೊಂದು ತಿಳಿಯುತ್ತದೆ.

‘ದಿ ವಿಚ್’ ಇಷ್ಟವಾಗದವರ ಹತ್ತಿರ ಇಷ್ಟವಾಯಿತು ಎನ್ನಿಸಲು ನಾನು ಹೊರಟಿಲ್ಲ. ಇನ್ನೊಮ್ಮೆ ನೋಡುವುದಾದರೆ ಒಂದು ಮಾತು: ಹೋತ ಯಾವಾಗ ಮಾತಾಡುತ್ತದೆ ಎಂದು ಕಾಯಬೇಡಿ. ಬಟ್ಟಲಿನ ವಿಷಯ ಬಂದಾಗ ಅಪ್ಪನ ಮುಖ ನೋಡಿ. ಆ ಹೊತ್ತಿಗೆ ಅವನು ‘ನಾನು ಮಾರಿದೆ’ ಎಂದಿದ್ದರೆ ಕಾಡಿನವಳು ಹೇಗೂ ಕಾಡಿನಲ್ಲಿ ಇರುತ್ತಿದ್ದಳು. ಮನೆಯೊಳಗೆ ಮಾಟಗಾತಿಯನ್ನು ಹುಡುಕುವ ಕೆಲಸ ಮಾತ್ರ ಅಷ್ಟು ಬೇಗ ಶುರುವಾಗುತ್ತಿರಲಿಲ್ಲ.